ಕಣ್ಣಿನ ಪರೀಕ್ಷೆಯಲ್ಲಿ ಪಾಸಾಗಿ ದೋಣಿಯಿಂದ ಇಳಿದವಳ ಅಹವಾಲು

ಹಾಯಿದೋಣಿ ಸ್ಪರ್ಧೆಯ ದೃಷ್ಟಿ ವರ್ಗೀಕರಣ ಸಮಿತಿಯ ಅಧ್ಯಕ್ಷರಿಗೆ

ಮಾನ್ಯರೇ,

ನನಗೆ ಕಣ್ಣು ಚೆನ್ನಾಗಿ ಕಾಣುತ್ತದೆ ಎಂದು ನಿಮ್ಮ ಸಮಿತಿ ತೀರ್ಮಾನಿಸಿದೆ. ಈ ಸಂತೋಷದ ಸುದ್ದಿಯನ್ನು ನನ್ನ ರೂಮಿನ ಗೆಳತಿ ಓದಿ ಹೇಳಬೇಕಾಯಿತು, ಏಕೆಂದರೆ ನಿಮ್ಮ ಪತ್ರದ ಅಕ್ಷರಗಳು ನನಗೆ ಕಾಣಲಿಲ್ಲ.

ಅಂಧರ ಮತ್ತು ದೃಷ್ಟಿದೋಷವುಳ್ಳವರ ವಿಭಾಗಕ್ಕೆ ನಾನು 'ಅನರ್ಹಳು' ಎಂದು ಪತ್ರ ಹೇಳುತ್ತದೆ. ನಾನು ಅನರ್ಹಳಾದರೆ ನಮ್ಮ ದೋಣಿಯೂ ಅನರ್ಹ. ನೋಂದಣಿ ಮುಗಿಯಲು ಇನ್ನು ಇಪ್ಪತ್ತೊಂದು ದಿನವಿದೆ. ಎಲ್ಲ ನಿಮ್ಮದೇ ತಪ್ಪು ಎಂದು ಖಾರವಾಗಿ ಬರೆಯೋಣವೆಂದು ಕೂತೆ. ಮೂರು ಸಲ ಬರೆದು ಮೂರು ಸಲ ಅಳಿಸಿದೆ. ಆ್ಯಕ್ಚುಲಿ ತಪ್ಪಿನಲ್ಲಿ ಎಪ್ಪತ್ತು ಪರ್ಸೆಂಟ್ ನನ್ನದು. ಉಳಿದ ಮೂವತ್ತಕ್ಕಾಗಿ ಈ ಬಹಿರಂಗ ಪತ್ರ.

ಮೊದಲು ನನ್ನ ಕಣ್ಣಿನ ಸಮಾಚಾರ. ಒದ್ದೆ ಹೆಬ್ಬೆರಳನ್ನು ಶಾಯಿಯ ಮೇಲೆ ಒತ್ತಿದ ಹಾಗೆ ನನ್ನ ನೋಟದ ನಡುಭಾಗ ಕಲಸಿಹೋಗಿದೆ. ನಾನು ನೋಡಿದ ಕಡೆ ಏನೂ ಇರುವುದಿಲ್ಲ, ನೋಡದ ಕಡೆ ಅಲ್ಪಸ್ವಲ್ಪ ಇರುತ್ತದೆ. ಹೀಗಾಗಿ ಯಾರ ಜೊತೆ ಮಾತಾಡಿದರೂ ಮುಖ ಬೇರೆ ಕಡೆ ತಿರುಗಿಸಿಕೊಂಡೇ ಮಾತಾಡುತ್ತೇನೆ. ಕಾಲೇಜಿಗೆ ಸೇರಿದ ಎರಡೇ ವಾರದಲ್ಲಿ ನನಗೆ 'ಮಹಾರಾಣಿ' ಎಂಬ ಬಿರುದು ಬಂತು. ಕಾಣುವುದಿಲ್ಲ ಎಂದು ಹೇಳುವುದಕ್ಕಿಂತ ಮಹಾರಾಣಿಯಾಗಿರುವುದೇ ಸುಲಭವೆನಿಸಿ ನಾನೂ ಸುಮ್ಮನಿದ್ದೆ. ನನ್ನ ಬುದ್ಧಿ ಎಂಥದ್ದೆಂದು ನಿಮಗೆ ಈಗಲೇ ಅಂದಾಜಾಗಿರಬೇಕು.

ಈಗ ದೋಣಿ. ಅದರಲ್ಲಿ ನಾವು ಮೂವರು. ಚುಕ್ಕಾಣಿ ಹಿಡಿಯುವವರು ದೊಡ್ಡಾಸ್ಪತ್ರೆಯೊಂದರ ಟೆಲಿಫೋನ್ ಆಪರೇಟರ್, ಹುಟ್ಟಿನಿಂದ ಪೂರ್ತಿ ಕುರುಡು. ನನಗಿಂತ ಇಪ್ಪತ್ತೆಂಟು ವರ್ಷ ದೊಡ್ಡವರು, ಆದರೂ 'ಆಂಟಿ' ಅಂದರೆ ದೋಣಿ ಮಗುಚುತ್ತೇನೆ ಎಂದು ಹೆದರಿಸಿರುವುದರಿಂದ ನಾನು 'ಅಕ್ಕ' ಎನ್ನುತ್ತೇನೆ. ಕೆನ್ನೆಗೆ ಗಾಳಿ ತಾಗುವುದರಲ್ಲೇ ಅವರಿಗೆ ದಿಕ್ಕು ತಿಳಿಯುತ್ತದೆ. ಹಾಯಿಯ ಹಗ್ಗ ನನ್ನ ಕೈಯಲ್ಲಿ. ಬಟ್ಟೆಯ ಪಟಪಟ ಸದ್ದು ನಿಲ್ಲುವವರೆಗೆ ಎಳೆಯುವುದು, ನಿಂತ ತಕ್ಷಣ ಹಿಡಿದುಕೊಳ್ಳುವುದು, ಇಷ್ಟೇ ನನ್ನ ವಿದ್ಯೆ. ಮೂರನೆಯವರು ದೋಣಿ ರಿಪೇರಿಯ ಮೇಸ್ತ್ರಿ, ಕಣ್ಣಿರುವವರು. ಅವರು ಬಾಯಲ್ಲಿ ದಾರಿ ಹೇಳಬಹುದು, ಯಾವುದನ್ನೂ ಮುಟ್ಟುವಂತಿಲ್ಲ ಎನ್ನುವುದು ನಿಮ್ಮದೇ ನಿಯಮ. ನಲವತ್ತು ವರ್ಷ ದೋಣಿ ಮುಟ್ಟಿಯೇ ಬದುಕಿದ ಕೈ, ಸುಮ್ಮನಿರುತ್ತದೆಯೇ? ಪಾಪ, ಅವರು ತಮ್ಮ ಎರಡೂ ಅಂಗೈ ಮೇಲೆ ತಾವೇ ಕೂತುಬಿಡುತ್ತಾರೆ. ದಡಕ್ಕೆ ಬಂದಾಗ ಕೈ ಜೋಮು ಹಿಡಿದಿರುತ್ತದೆ, ದೋಣಿ ಕಟ್ಟುವುದೂ ನಾವೇ.

ಅಕ್ಕ ಈ ಸ್ಪರ್ಧೆಗಾಗಿ ಆರು ವರ್ಷ ಕಾದಿದ್ದಾರೆ. ನಿಮ್ಮ ವಿಭಾಗಕ್ಕೆ ಕಾಣದವರು ಇಬ್ಬರು ಬೇಕು, ನಮ್ಮ ಕ್ಲಬ್ಬಿನಲ್ಲಿ ಎರಡನೆಯವರೇ ಇರಲಿಲ್ಲ, ನಾನು ಹೋಗುವವರೆಗೆ. ಮುಂದಿನ ಸ್ಪರ್ಧೆ ನಾಲ್ಕು ವರ್ಷದ ನಂತರ. ಅವರ ಬಲಭುಜದ ಕೀಲು ಸವೆದಿದೆ, ಈ ಸೀಸನ್ ಮುಗಿದ ಮೇಲೆ ಚುಕ್ಕಾಣಿ ಹಿಡಿಯಕೂಡದೆಂದು ವೈದ್ಯರು ಹೇಳಿಯಾಗಿದೆ. ಅಂದರೆ ಮಾನ್ಯರೇ, ಇದೇ ಮೊದಲು, ಇದೇ ಕೊನೆ. ಇಂಥ ದೋಣಿಯ ಎರಡನೇ ಕಾಣದವಳು ನಿಮ್ಮ ಕೋಣೆಗೆ ಬಂದು ಏನು ಮಾಡಿದಳು ಗೊತ್ತೇ? ಪರೀಕ್ಷೆಯಲ್ಲಿ ಪಾಸಾದಳು!

ಅದು ಹೇಗಾಯಿತೆಂದು ಹೇಳಲು ನಾನು ಬೆಳೆದ ಹಾಸ್ಟೆಲಿಗೆ ಹೋಗಬೇಕು. ಅಲ್ಲಿ ವರ್ಷಕ್ಕೊಮ್ಮೆ ಸಿಕ್ ರೂಮಿನಲ್ಲಿ ಕಣ್ಣಿನ ತಪಾಸಣೆ. ಗೋಡೆಯ ಅಕ್ಷರಪಟ್ಟಿಯಲ್ಲಿ ನಾಲ್ಕನೇ ಸಾಲಿನವರೆಗೆ ಓದಿದವರು ಇದ್ದಲ್ಲೇ ಇರಬಹುದು. ಓದದವರ ಹಾಸಿಗೆ, ಟ್ರಂಕು, ತಟ್ಟೆ ಎಲ್ಲ ಮೈದಾನದಾಚೆಯ ಬೇರೆ ಬ್ಲಾಕಿಗೆ. ಅಲ್ಲಿ ಬೆರಳಲ್ಲಿ ಓದುವುದನ್ನು ಕಲಿಸುತ್ತಿದ್ದರಂತೆ, ಚೆನ್ನಾಗಿಯೇ ಇತ್ತಂತೆ. ಆದರೆ ಎಂಟು ವರ್ಷದ ನನಗೆ ಗೊತ್ತಿದ್ದದ್ದು ಒಂದೇ: ಆ ಬ್ಲಾಕಿಗೆ ಹೋದವರು ವಾಪಸ್ ಬರುವುದಿಲ್ಲ. ಹಾಗಾಗಿ ನಾವು ಮಗ್ಗಿ ಉರು ಹೊಡೆದಂತೆ ಪಟ್ಟಿ ಉರು ಹೊಡೆದೆವು. ಇ. ಎಫ್ ಪಿ. ಟಿ ಓ ಝಡ್. ಎಲ್ ಪಿ ಇ ಡಿ. ಕಲಿಸಿದ ದೊಡ್ಡ ಹುಡುಗಿ ಎಷ್ಟು ಜಾಣೆಯೆಂದರೆ, "ಆರನೇ ಸಾಲಲ್ಲಿ ಒಂದು ಅಕ್ಷರ ತಪ್ಪಾಗಿ ಹೇಳ್ರೇ. ಎಲ್ಲ ಸರಿ ಹೇಳಿದ್ರೆ ಡೌಟ್ ಬರತ್ತೆ" ಎನ್ನುತ್ತಿದ್ದಳು. ಒಂಬತ್ತು ವರ್ಷ, ಒಂಬತ್ತು ತಪಾಸಣೆ, ಒಂದರಲ್ಲೂ ನಾನು ಫೇಲಾಗಲಿಲ್ಲ. ಗಣಿತದಲ್ಲಿ ಹೀಗಿದ್ದಿದ್ದರೆ ಅಪ್ಪ ಹೆಮ್ಮೆಪಡುತ್ತಿದ್ದರು.

ನಿಮ್ಮ ಕೋಣೆಗೆ ಬಂದೆ. ಫಿನಾಯಿಲ್ ವಾಸನೆ, ಕಾಲು ಕುಂಟುವ ಸ್ಟೂಲು. ನಿಮ್ಮ ಪರೀಕ್ಷಕರು ಪಟ್ಟಿಯ ಮೇಲೆ ಕೋಲಿನಿಂದ ಟಕ್ ಎಂದು ತಟ್ಟಿ, "ಮೇಲಿಂದ ಶುರು ಮಾಡಮ್ಮ" ಎಂದರು. ಅಷ್ಟೇ ಸಾಕಾಯಿತು. ನನ್ನ ಬಾಯಿ ನನ್ನನ್ನು ಕೇಳದೆ ಶುರುವಾಯಿತು. ಎರಡನೇ ಸಾಲಿಗೆ ಅವರು "ಗುಡ್" ಎಂದರು. ಒಂದು 'ಗುಡ್' ಕೇಳಿದರೆ ನಾನು ಯಾವ ಅಪಾಯಕ್ಕೂ ಸಿದ್ಧ. ಆರನೇ ಸಾಲಿನಲ್ಲಿ ಅಭ್ಯಾಸಬಲದಿಂದ ಒಂದಕ್ಷರ ತಪ್ಪು ಹೇಳಿ, ಸ್ವಲ್ಪ ನಾಚಿಕೊಂಡಂತೆಯೂ ಮಾಡಿದೆ. ಏನು ಮಾಡಿಕೊಂಡೆನೆಂದು ಹೊಳೆದಾಗ ಅವರು ಬರೆದು ಮುಗಿಸಿದ್ದರು. ಕೈಯಲ್ಲಿದ್ದ ಆಸ್ಪತ್ರೆಯ ದಾಖಲೆ ಚಾಚಿದೆ. "ಪರೀಕ್ಷೆ ದಿನ ಓದಿದ್ದೇ ಫೈನಲ್" ಎಂದರು. ನಾನು ವಿನಯದಿಂದ ಥ್ಯಾಂಕ್ಸ್ ಹೇಳಿದೆ. "ಅದು ನನ್ನ ಕೋಟು. ನಾನು ಇಲ್ಲಿದ್ದೀನಿ" ಎಂದು ಬಲಗಡೆಯಿಂದ ದನಿ ಬಂತು. ಮಾನ್ಯರೇ, ಗೂಟಕ್ಕೆ ತೂಗುಹಾಕಿದ ಕೋಟಿಗೆ ಥ್ಯಾಂಕ್ಸ್ ಹೇಳಿದವಳನ್ನು ನೋಡಿಯೂ ನಿಮ್ಮ ಪರೀಕ್ಷಕರಿಗೆ ಯಾವ ಅನುಮಾನವೂ ಬರಲಿಲ್ಲವೇ? ಹಾಗಾದರೆ ಆ ಕೋಣೆಯಲ್ಲಿ ಪರೀಕ್ಷೆ ಆಗಬೇಕಿದ್ದದ್ದು ಯಾರ ಕಣ್ಣಿಗೆ?

ಇಲ್ಲಿಂದ ನಿಮ್ಮ ಮೂವತ್ತು ಪರ್ಸೆಂಟ್ ಶುರು. ಲೋಕದ ಅರ್ಧ ಜನರಿಗೆ ಬಾಯಿಪಾಠವಾಗಿರುವ ಅದೇ ಹಳೆಯ ಪಟ್ಟಿಯನ್ನು ನೀವೂ ತೂಗುಹಾಕಿದ್ದು ಯಾಕೆ? ನಿಮ್ಮ ನಿಯಮಪುಸ್ತಕದಲ್ಲಿ, ಕಾಣುವುದನ್ನು ಕಾಣುವುದಿಲ್ಲವೆಂದು ನಟಿಸುವವರಿಗೆ ಎರಡು ವರ್ಷ ನಿಷೇಧವಿದೆ. ಕಾಣದ್ದನ್ನು ಕಾಣುತ್ತದೆಂದು ನಟಿಸುವವರ ಬಗ್ಗೆ ಒಂದು ಮಾತೂ ಇಲ್ಲ. ಅಂಥ ಪೆದ್ದರು ಇರಲಾರರು ಎಂದುಕೊಂಡಿರೇನೋ. ಇದ್ದೇವೆ ಸಾರ್. ಒಂದು ಹಾಸ್ಟೆಲ್ ತುಂಬ ಇದ್ದೆವು.

ಮರುಪರೀಕ್ಷೆ ಬೇಕೆಂದು ನಿಮ್ಮ ಕಚೇರಿಗೆ ಫೋನ್ ಮಾಡಿದೆ. ಗುಮಾಸ್ತರು ಬಹಳ ಮರ್ಯಾದೆಯಿಂದ ಮಾತಾಡಿದರು.

"ಪರೀಕ್ಷೆ ಆದ್ಮೇಲೆ ಕಣ್ಣು ಇನ್ನಷ್ಟು ಹಾಳಾಗಿದ್ರೆ ಮಾತ್ರ ಮರುಪರೀಕ್ಷೆ ಮೇಡಂ. ಡಾಕ್ಟರ್ ಸರ್ಟಿಫಿಕೇಟ್ ತನ್ನಿ."

"ಹಾಳಾಗಿಲ್ಲ ಸಾರ್. ಮೊದಲು ಹೇಗಿತ್ತೋ ಹಾಗೇ ಇದೆ."

"ಹಂಗಾದ್ರೆ ಒಳ್ಳೇದೇ ಆಯ್ತಲ್ಲ ಮೇಡಂ!"

"ಹಾಳಾಗೋದಾದ್ರೆ ಎಷ್ಟು ದಿನದೊಳಗೆ ಆಗ್ಬೇಕು?"

"ಹದಿನೈದು ದಿನ," ಎಂದರು, ನಿಯಮ ನೋಡಿಯೇ ಹೇಳಿದರು.

ಇನ್ನು ನಾನು ಎಷ್ಟು ಹೇಡಿ ಎನ್ನುವುದು ಊರಿಗೆಲ್ಲ ತಿಳಿಯಲಿ. ರಿಸಲ್ಟ್ ಇನ್ನೂ ಬಂದಿಲ್ಲ ಎಂದು ಅಕ್ಕನಿಗೆ ಐದು ದಿನ ಸುಳ್ಳು ಹೇಳಿದೆ. ಆರನೇ ದಿನ ದೋಣಿ ಶೆಡ್ಡಿನಲ್ಲಿ ಹಾಯಿ ಮಡಚುವಾಗ ಬಾಯಿಬಿಟ್ಟೆ. ಮೇಸ್ತ್ರಿ ಉಜ್ಜುತ್ತಿದ್ದ ಮರಳು ಕಾಗದದ ಸದ್ದು ನಿಂತಿತು.

"ಎಷ್ಟನೇ ಸಾಲಿನವರೆಗೆ ಓದಿದೆ?" ಅಕ್ಕ ಕೇಳಿದರು.

"ಆರು."

"ಆರಾ! ನಮ್ಮ ಮೇಸ್ತ್ರಿಗೇ ಐದು ದಾಟಲ್ವಲ್ಲೇ!"

"ನಾಲ್ಕು," ಎಂದರು ಮೇಸ್ತ್ರಿ. "ಇಲ್ಲದ್ದನ್ನ ಯಾಕೆ ಏರಿಸ್ತೀರಿ. ಇನ್ಮೇಲೆ ಇವಳೇ ದಾರಿ ಹೇಳ್ಲಿ, ನಾನು ಹಗ್ಗ ಎಳೀತೀನಿ. ಕೈಯಾದ್ರೂ ಉಳಿಯತ್ತೆ."

ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ, ಗಂಡಾಂತರ ಕಳೆಯಿತೆಂದುಕೊಂಡೆ. ನಗು ನಿಂತ ಮೇಲೆ ಅವರು ನನ್ನ ಕೈಯಿಂದ ಹಾಯಿಯ ತುದಿ ಬಿಡಿಸಿಕೊಂಡು, ಮಡಿಕೆ ಸರಿಮಾಡುತ್ತಾ ಮೆಲ್ಲಗೆ ಹೇಳಿದರು: "ಸ್ಪರ್ಧೆ ಹೋದ್ರೆ ಹೋಗ್ಲಿ ಬಿಡು. ಅದಕ್ಕೂ ಬೇಜಾರಿದೆ, ಇಲ್ಲ ಅನ್ನಲ್ಲ. ಆದ್ರೆ ಒಂದು ಹೇಳು. ಕಾಣಿಸಲ್ಲ ಅನ್ನೋದು ಅಷ್ಟು ಅವಮಾನದ ಮಾತಾ ನಿಂಗೆ? ನಾನು ದಿನಾ ಅದನ್ನೇ ಹೇಳ್ಕೊಂಡು ಬದುಕಿದ್ದೀನಲ್ಲೇ. ನನ್ನ ಪಕ್ಕ ಎಂಟು ತಿಂಗಳು ಕೂತಿದ್ದು ಏನಂದ್ಕೊಂಡು?"

ಸಾಮಾನ್ಯವಾಗಿ ನನ್ನ ಹತ್ತಿರ ಯಾವುದಕ್ಕಾದರೂ ಒಂದು ಜೋಕ್ ಇರುತ್ತದೆ. ಅವತ್ತು ಇರಲಿಲ್ಲ. ಇದನ್ನು ನಿಮಗೆ ಖಾಸಗಿಯಾಗಿ ಬರೆಯದೆ ಎಲ್ಲರೂ ಓದುವಂತೆ ಬರೆದದ್ದು ಅವರ ಆ ಪ್ರಶ್ನೆಗಾಗಿಯೇ. ಕಾಲೇಜಿನವರು ಓದಲಿ, ಅಪ್ಪ ಓದಲಿ, ಮಹಾರಾಣಿ ಎಂದವರೂ ಓದಲಿ: ನನಗೆ ಕಾಣುವುದಿಲ್ಲ. ನೋಡಿ, ಬರೆಯುವುದು ಎಷ್ಟು ಸುಲಭ. ಬಾಯಲ್ಲಿ ಹೇಳುವುದೇ ಬಾಕಿ.

ಆದ್ದರಿಂದ ಮಾನ್ಯರೇ, ನೋಂದಣಿ ಮುಗಿಯುವುದರೊಳಗೆ ನನ್ನನ್ನು ಮತ್ತೊಮ್ಮೆ ಕರೆಯಿರಿ. ಯಾರಿಗೂ ಬಾಯಿಪಾಠವಾಗದ ಪಟ್ಟಿ ತನ್ನಿ, ಪ್ರತಿಯೊಬ್ಬರಿಗೂ ಅಕ್ಷರ ಬದಲಾಯಿಸಿ, ಆಸ್ಪತ್ರೆಯ ದಾಖಲೆಯನ್ನು ಒಮ್ಮೆ ಬಿಡಿಸಿಯಾದರೂ ನೋಡಿ. ಸುಳ್ಳು ಓದಿದ್ದಕ್ಕೆ ಶಿಕ್ಷೆ ಬೇಕೆಂದರೆ ನಿಯಮಪುಸ್ತಕಕ್ಕೆ ಹೊಸ ಕಲಮು ಸೇರಿಸಿ ಮೊದಲ ನಿಷೇಧವನ್ನು ನನಗೇ ಹಾಕಿ. ಅದು ಈ ಸ್ಪರ್ಧೆ ಮುಗಿದ ಮರುದಿನದಿಂದ ಜಾರಿಗೆ ಬರಲಿ. ತಪ್ಪು ನನ್ನ ಬಾಯಿಯದು, ಅದಕ್ಕೆ ಅಕ್ಕನ ದೋಣಿಯನ್ನು ದಡದಲ್ಲಿ ಕೂರಿಸಬೇಡಿ.

ಕರೆ ಬಂದ ದಿನ ಅಕ್ಕನೂ ನನ್ನೊಡನೆ ಬರುತ್ತಾರಂತೆ. ತಾರೀಕು ಖಾಲಿ ಬಿಟ್ಟು ಆಸ್ಪತ್ರೆಗೆ ಈಗಲೇ ರಜೆಚೀಟಿ ಕೊಟ್ಟಿದ್ದಾರೆ. ಕಾರಿಡಾರಿನ ಬೆಂಚಿನ ಮೇಲೆ ಕೂರುತ್ತಾರಂತೆ. "ಗೊಣಗಬೇಡ, ನಂಗೆ ಕೇಳೋ ಹಾಗೆ ಹೇಳು" ಎಂದಿದ್ದಾರೆ. ನಿಮ್ಮ ಪರೀಕ್ಷಕರು ಮೊದಲ ಸಾಲು ತಟ್ಟಿದಾಗ ನಾನು "ಕಾಣಿಸಲ್ಲ ಸಾರ್" ಎನ್ನುತ್ತೇನೆ. ಎರಡನೆಯದಕ್ಕೂ ಅದನ್ನೇ ಎನ್ನುತ್ತೇನೆ. ನನ್ನ ದನಿ ಸಣ್ಣದು, ಹೆದರಿದರೆ ಇನ್ನೂ ಸಣ್ಣದಾಗುತ್ತದೆ. ದಯವಿಟ್ಟು ಆ ಹೊತ್ತು ಕೋಣೆಯ ಬಾಗಿಲು ತೆರೆದಿಡಲು ಹೇಳಿ.

ಇಂತಿ,
ನಿಮ್ಮ ಕಡತದಲ್ಲಿ ಮಾತ್ರ ಚೆನ್ನಾಗಿ ಕಾಣುವ,
ಮೊದಲ ವರ್ಷದ ವಿದ್ಯಾರ್ಥಿನಿ

(ಸಹಿ ಗೆರೆಯ ಮೇಲೆ ಬೀಳದಿದ್ದರೆ ಅದನ್ನೂ ದಾಖಲೆಯೆಂದು ಪರಿಗಣಿಸಬೇಕಾಗಿ ವಿನಂತಿ.)