ಆರು ನಂಬರಿನ ತೋಟಾ

೪ ಸೆಪ್ಟೆಂಬರ್ ೧೯೫೪, ಶನಿವಾರ

ನಮ್ಮ ಬೇಟೆಗೆ ಹಂದಿ ಎಬ್ಬಿಸುವ ಹುಚ್ಚಯ್ಯನ ತೊಡೆಗೆ ಇಪ್ಪತ್ತು ಹೊಲಿಗೆ ಬಿದ್ದಿದೆ. ಆ ಕಾಲು ಇನ್ನು ನೆಟ್ಟಗಾಗದು ಎಂದರು ಡಾಕ್ಟರು.

ಮೊನ್ನೆ ವಿರಾಜಪೇಟೆಯ ಅಂಗಡಿಯಲ್ಲೇ ಅಣ್ಣನಿಗೆ ಹೇಳಿದ್ದೆ. "ಆರು ನಂಬರಿನ ತೋಟಾ ಕಾಡುಕೋಳಿಗೆ ಅಣ್ಣ. ಹಂದಿಗೆ ದಪ್ಪ ಗುಂಡಿನ ಎಲ್.ಜಿ. ತಕೊಳ್ಳುವ."

ಅಂಗಡಿಯವರ ಮುಂದೆಯೇ ನಕ್ಕ. "ಕೋವಿ ಹಿಡಿಯೋದು ನಾನಾ, ನೀನಾ? ಹತ್ತಿರದಿಂದ ಹೊಡೆದರೆ ಯಾವುದಾದರೇನು?"

ಆರು ನಂಬರಿನದನ್ನೇ ಕಟ್ಟಿಸಿಕೊಂಡು ಬಂದೆವು.

ಇವತ್ತು ಹತ್ತಿರದಿಂದಲೇ ಹೊಡೆದ. ಆ ಸಣ್ಣ ಚರೆಗೆ ಹಂದಿ ಸಾಯಲಿಲ್ಲ. ಕೆರಳಿ ತಿರುಗಿ ಹುಚ್ಚಯ್ಯನನ್ನು ಸೀಳಿತು.

ಆಸ್ಪತ್ರೆಯ ಜಗಲಿಯಲ್ಲಿ ಅಣ್ಣ ಎಲ್ಲರಿಗೂ, "ಅವನೇ ಅಡ್ಡ ಬಂದ" ಎನ್ನುತ್ತಿದ್ದ. ಹುಚ್ಚಯ್ಯನ ಹೆಂಡತಿ ಚೌಡಮ್ಮ ನನ್ನ ಕಡೆ ತಿರುಗಿದಳು. "ಹೌದಾ ಅಯ್ಯ?"

ಹೌದೆಂದೆ. ಅಣ್ಣನ ಮೇಲೆ ಸಿಟ್ಟು ಮಾಡಿಕೊಳ್ಳುವ ಹಕ್ಕೂ ಅಲ್ಲಿಗೆ ಹೋಯಿತು.