ಎಡಗಡೆಯಿಂದ ಬಂದ ನೀಲಿ

ಏಪ್ರಿಲ್ 12, ಶನಿವಾರ

ಎರಡನೆಯ ಫ್ಲಾಸ್ಕ್ ಚಹಾವೂ ಮುಗಿಯಿತು. ಪಂದ್ಯಕ್ಕೆಂದು ದೂರದ ಪೀಟರ್‌ಬರೊದಲ್ಲಿ ಬಿಟ್ಟ ಪಾರಿವಾಳಗಳಿಗಾಗಿ ತಮ್ಮ ನೆವಿಲ್ ಗೂಡಿನ ಮುಂದೆ ಕುರ್ಚಿ ಹಾಕಿಕೊಂಡು ಆಕಾಶ ನೋಡುತ್ತಿದ್ದ. ನಾನು ಹೆಣೆಯುತ್ತಿದ್ದೆ. ತಲೆಯೆತ್ತಿದರೆ — ಅವನ ಹೆಣ್ಣು ಹಕ್ಕಿ ನೀಲಿ ಆಗಲೇ ಎಡಗಡೆ ಹಲಗೆಯ ಮೇಲೆ ರೆಕ್ಕೆ ಕೆದರಿಕೊಂಡು ಕೂತಿದೆ.

"ಬಂದು ಕೂತಿದಾಳಲ್ಲೋ."

"ಎಲ್ಲಿಂದ ಬಂದ್ಲು ಈ ಕಳ್ಳಿ?"

ಹಿಡಿದು, ಕಾಲಿನ ರಬ್ಬರ್ ಉಂಗುರ ಕಳಚಿ ಗಡಿಯಾರದ ಪೆಟ್ಟಿಗೆಗೆ ಹಾಕಿದ. ಉಂಗುರ ಪೆಟ್ಟಿಗೆಗೆ ಬಿದ್ದ ಹೊತ್ತೇ ಹಕ್ಕಿ ಬಂದ ಹೊತ್ತು. ಪಕ್ಕದ ಬೀದಿಯ ಆಲ್ಫ್ ಮತ್ತೆ ಗೆದ್ದ.

ಆಮೇಲೆ ಭೂತಗನ್ನಡಿ ಹಿಡಿದು ಅವಳ ಕಣ್ಣು ನೋಡಿದ. ನಮ್ಮಲ್ಲಿ ಪಾರಿವಾಳ ಸಾಕುವವರು ಹಾಗೇ — ಕಣ್ಣಿನ ಬಣ್ಣದಲ್ಲೇ ಹಕ್ಕಿಯ ಯೋಗ್ಯತೆ ಓದುತ್ತಾರೆ. "ಕಣ್ಣಲ್ಲೇ ಏನೋ ದೋಷ ಅಕ್ಕ. ಈಚೆಗೆ ಬರೀ ತಡ." ನಾನೂ ಇಣುಕಿದೆ. ತಾಮ್ರದ ತಟ್ಟೆಗೆ ಕರಿಮೆಣಸಿನ ಪುಡಿ ಉದುರಿಸಿದಂತೆ. ಎಷ್ಟು ಚೆಂದ. ದೋಷ ಎಲ್ಲಿದೆಯೋ...

ಏಪ್ರಿಲ್ 15, ಮಂಗಳವಾರ

ಕನ್ನಡಕದ ಅಂಗಡಿಗೆ ಹೋಗಿದ್ದೆ. ಅರವತ್ತು ದಾಟಿದವಳು, ಪರೀಕ್ಷೆಯ ಖರ್ಚು ಸರ್ಕಾರದ್ದು. ನೆವಿಲ್‌ನನ್ನೂ ಕರೆದಿದ್ದೆ.

"ನಂಗಿನ್ನೂ ಐವತ್ತೇಳು. ಅರವತ್ತಾಗ್ಲಿ, ಪುಕ್ಕಟೆ ನೋಡ್ತಾರೆ. ಈಗ್ಯಾಕೆ ದುಡ್ಡು ಸುರೀಲಿ?"

ಕಣ್ಣು ಪರೀಕ್ಷಿಸುವವಳು ಬೆಥನ್ ಅಂತ ಹುಡುಗಿ, ಯಂತ್ರದಿಂದ ಕಣ್ಣಿಗೆ ಫೂ ಅಂತ ಗಾಳಿ ಹೊಡೆಸಿದಳು. ಬೆಚ್ಚಿಬಿದ್ದು ನಕ್ಕೆ. ಅವಳು ನಗಲಿಲ್ಲ. ಇನ್ನೊಮ್ಮೆ ಹೊಡೆಸಿದಳು. ಕಣ್ಣೊಳಗೆ ಒತ್ತಡ ಜಾಸ್ತಿಯಂತೆ. ದೊಡ್ಡಾಸ್ಪತ್ರೆಗೆ ಬರೆಯುತ್ತಾಳಂತೆ. ನನಗೋ ಏನೂ ಅನಿಸುತ್ತಿಲ್ಲ!

ಮೇ 9, ಶುಕ್ರವಾರ

ಗ್ಲಾಕೋಮಾ. ಹೆಸರು ಸಿಕ್ಕಿತು. ನೋವಿಲ್ಲ, ಉರಿಯಿಲ್ಲ, ನೋಟವನ್ನು ಅಂಚಿನಿಂದ ಸದ್ದಿಲ್ಲದೆ ತಿನ್ನುತ್ತಾ ಬರುತ್ತದಂತೆ. ತಿಂದದ್ದು ವಾಪಸ್ ಬರುವುದಿಲ್ಲ. ಉಳಿದದ್ದನ್ನು ಹನಿ ಔಷಧಿ ಕಾಯುತ್ತದೆ. ನನ್ನದು ಬೇಗ ಸಿಕ್ಕಿತು ಅಂದರು.

"ಒಡಹುಟ್ಟಿದವರು ಇದಾರಾ?" ಡಾಕ್ಟರು ಕೇಳಿದರು.

"ಒಬ್ಬ ತಮ್ಮ."

"ನಲವತ್ತು ದಾಟಿದೆ ತಾನೆ? ಹಾಗಾದ್ರೆ ಅವರಿಗೂ ಪರೀಕ್ಷೆ ಪುಕ್ಕಟೆ. ನಿಮಗೆ ಬಂದಿದೆಯಲ್ಲ, ಅವರಿಗೂ ಬರೋ ಸಾಧ್ಯತೆ ಹೆಚ್ಚು. ಬೇಗ ಕಳಿಸಿ."

ಬಸ್ಸಿನಲ್ಲಿ ಪೂರ್ತಿ ಇದೇ ಯೋಚನೆ. ನಿನ್ನೆ ಅವನಿಗೆ ಇಲ್ಲದ ಹಕ್ಕು ಇವತ್ತು ಇದೆ. ಅವನ ಕಣ್ಣು ಮಾತ್ರ ನಿನ್ನೆಯದೇ. ಅರವತ್ತಕ್ಕೆ ಕಾದಿದ್ದರೆ...

ಸಂಜೆ ಹೇಳಿದೆ.

"ನಿಂಗೆ ಬಂತು ಅಂತ ನಂಗ್ಯಾಕೆ ಅಕ್ಕ? ಚರ್ಚಿನ ಗಡಿಯಾರದ ಮುಳ್ಳು ಇಲ್ಲಿಂದ ಓದ್ತೀನಿ, ನೋಡ್ತೀಯಾ?"

ಓದಿದ. ಸರಿಯಾಗೇ ಓದಿದ.

ಮೇ 10, ಶನಿವಾರ

ಆಲ್ಫ್ ಬುಟ್ಟಿ ಹಿಡಿದು ಬಂದ. ನೀಲಿಯನ್ನು ಕೊಟ್ಟುಬಿಡುತ್ತಾನಂತೆ ನೆವಿಲ್!

"ಕುರುಡು ಹಕ್ಕಿ ಕಟ್ಕೊಂಡು ನಾನೇನು ಮಾಡ್ಲಿ ಮಾರಾಯ? ಮರಿ ಮಾಡಿಸ್ಕೊಳ್ತೀನಷ್ಟೆ," ಅಂತ ಆಲ್ಫ್ ನಕ್ಕ.

ನನಗೆ ಏನು ಹೊಳೆಯಿತೋ. "ಒಂದು ನಿಮಿಷ. ನೆವಿಲ್, ಗೂಡಿನ ಬಾಗಿಲನ್ನೇ ನೋಡ್ತಾ ಕೂರು. ಕತ್ತು ತಿರುಗಿಸ್ಬೇಡ. ಬಿಳೀದು ಕಂಡ ಕೂಡ್ಲೇ ಹೇಳು."

ಎಡಗಣ್ಣು ಮುಚ್ಚಿಸಿ, ಪಾತ್ರೆ ಒರೆಸುವ ಬಿಳಿ ಬಟ್ಟೆ ಆಡಿಸುತ್ತಾ ಬಲಗಡೆಯಿಂದ ಬಂದೆ. "ಕಂಡ್ತು," ಅಂದ ಥಟ್ಟನೆ. ಬಲಗಣ್ಣು ಮುಚ್ಚಿಸಿ ಎಡಗಡೆಯಿಂದ ಬಂದೆ. ಬಂದೆ. ಇನ್ನೂ ಬಂದೆ. ಆಲ್ಫ್‌ನ ನಗು ನಿಂತಿತು. ಬಟ್ಟೆ ನೆವಿಲ್‌ನ ಮೂಗಿನ ನೇರಕ್ಕೇ ಬಂದಂತಿತ್ತು.

"ಯಾವಾಗ ಶುರು ಮಾಡ್ತೀಯ ಅಕ್ಕ?" ಅಂದ ನೆವಿಲ್. ಅಂದವನು ಬಟ್ಟೆ ಕಂಡು ಅದರ ಅಂಚು ಹಿಡಿದುಕೊಂಡ.

ಆಮೇಲೆ ಆಲ್ಫ್‌ಗೆ ಹೇಳಿದ: "ಬುಟ್ಟಿ ತಗೊಂಡು ಹೋಗು. ಅವಳು ತಡವಾಗಿ ಬರ್ತಿರಲಿಲ್ಲ ಕಣೋ. ಬಂದು, ನನಗೋಸ್ಕರ ಕಾಯ್ತಾ ಕೂತಿರ್ತಿದ್ಲು."

ಮೇ 13, ಮಂಗಳವಾರ, ಬೆಳಿಗ್ಗೆ

ಕನ್ನಡಕದ ಅಂಗಡಿಯ ಬೆಂಚಿನ ಮೇಲೇ ಬರೆಯುತ್ತಿದ್ದೇನೆ. ಬಂದ ಕೂಡಲೇ ಕೌಂಟರಿನವಳು ಕೇಳಿದಳು, "ಯಾವ ಕಾರಣಕ್ಕೆ ಪುಕ್ಕಟೆ ಸರ್?" ನೆವಿಲ್ ನನ್ನತ್ತ ಹೆಬ್ಬೆರಳು ತೋರಿಸಿ, "ಇವರೇ ಕಾರಣ," ಅಂದ. ನಗು ಬಂತು. ಅವನಿಗೂ.

ಈಗ ಒಳಗಿದ್ದಾನೆ. ಬಾಗಿಲು ತೆಳು, ಎಲ್ಲ ಕೇಳಿಸುತ್ತದೆ. ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಬಲಗಣ್ಣು — ಟಕ್ ಟಕ್ ಟಕ್, ಕೋಳಿ ಕಾಳು ಕುಕ್ಕಿದಂತೆ. ಬೆಥನ್ "ಚೆನ್ನಾಗಿದೆ" ಅಂದಳು.

ಎಡಗಣ್ಣು.

ಟಕ್.

ಟಕ್...

ನೆವಿಲ್‌ನ ದನಿ, ಮೆಲ್ಲಗೆ: "ಯಾಕಮ್ಮ, ಮಷೀನು ನಿಂತೋಯ್ತಾ?"

"ಇಲ್ಲ, ನಡೀತಾನೇ ಇದೆ," ಅಂದಳು ಬೆಥನ್. ನಾನು ಒಳಗೆ ಹೋಗಿ ಅವನ ಎಡಗಡೆ ಕೂರುತ್ತೇನೆ.