ಕಳ್ಳಿಗೆ ಕೆಂಪು ಟೋಪಿ

ಭಾನುವಾರ, ಜೂನ್ ೮

ಪ್ರೀತಿಯ ಡ್ರೈವರಪ್ಪಂಗೆ,

ಹೇಗಿದೀರಾ? ಬೆನ್ನುನೋವು ಕಮ್ಮಿ ಆಯ್ತಾ? ಕಾಗದ ತಡ ಆಯ್ತು, ಬೈಕೊಳ್ಳಿ. ನಾನು ಒಂದ್ಕಡೆ ಕೂತು ಬರೆಯೋದು ಅಂದ್ರೆ ನಿಮಗೇ ಗೊತ್ತಲ್ಲ, ಕೂತಲ್ಲೇ ಇರುವೆ ಮುತ್ತಿದ ಹಾಗೆ. ಆದ್ರೆ ಈ ಸಲ ಒಂದು ಮಾತು ಕೇಳೋದಿದೆ, ಶುಕ್ರವಾರದೊಳಗೆ ಉತ್ತರ ಬೇಕು. ನರ್ಸರಿ ಯಜಮಾನಿ ನನ್ನ ಖಾಯಂ ಮಾಡ್ಕೊತಾರಂತೆ! ಮೇಲಿನ ರೂಮೂ ಕೊಡ್ತಾರಂತೆ!

ಅದೂ ಒಂದು ದೊಡ್ಡ ಎಡವಟ್ಟು ಮಾಡಿದ ಮೇಲೆ.

ಗಾಜಿನ ಶೆಡ್ಡಲ್ಲಿ ನನ್ನದು ಕಸಿ ಕಟ್ಟೋ ಕೆಲಸ. ಉದ್ದನೆ ಹಸಿರು ಪಾಪಾಸುಕಳ್ಳಿಯ ತಲೆ ಕೊಯ್ದು, ಅದರ ಮೇಲೆ ನಿಂಬೆಹಣ್ಣಿನಷ್ಟು ಕೆಂಪು ಜಾತೀದು ಕೂರಿಸಿ, ರಬ್ಬರ್ ಬ್ಯಾಂಡ್ ಹಾಕೋದು. ಒಟ್ಟಿನಲ್ಲಿ ದಿನವೆಲ್ಲ ಟೋಪಿ ಹಾಕೋದೇ. ಹೋದ ವಾರ ಕೆಳಗಿಡೋ ಹಸಿರು ಕಾಂಡ ಮುಗಿದೋಯ್ತು. ಪಕ್ಕದ ಸಾಲಲ್ಲಿ ಥೇಟ್ ಅಂಥದ್ದೇ ಇತ್ತು: ಹಸಿರು ಕಂಬ, ಏಣು, ಮುಳ್ಳು. ಕೊಯ್ದ್ರೆ ಹಾಲು ಚಿಮ್ಮಿತು. ಪುಷ್ಟಿಯಾಗಿದೆ ಅಂದ್ಕೊಂಡು ಒರೆಸಿ ಒರೆಸಿ ಸಾಲು ಪೂರ್ತಿ ಕಟ್ಟಿದೆ. ಕೈಯೆಲ್ಲ ಉರಿ. ಆಮೇಲೆ ನೋಡಿದ್ರೆ ಟೋಪಿಗಳೆಲ್ಲ ನೆಲದ ಮೇಲೆ!

ನಾನೇ ಹೋಗಿ ಹೇಳಿದೆ. ಯಜಮಾನಿ ಹೊಟ್ಟೆ ಹಿಡ್ಕೊಂಡು ನಕ್ಕರು. "ಅಯ್ಯೋ ಪೆದ್ದಪ್ಪ, ಮುಖ ಹೋಲ್ತು ಅಂತ ಬೀಗರಾಗ್ತಾರೇನೋ? ಮುಳ್ಳು ನೋಡು. ಪಾಪಾಸುಕಳ್ಳೀದು ಹತ್ತಿ ಚುಕ್ಕಿಯಂಥ ಜಾಗದಿಂದ ಗುಂಪಾಗಿ ಹುಟ್ಟುತ್ತೆ, ಈ ಹಾಲುಗಳ್ಳೀದು ಜೋಡಿ ಜೋಡಿ. ಹೂವು ಬಿಟ್ಟಾಗ ನೋಡು, ಅದರದ್ದು ಬಟ್ಟಲಷ್ಟು, ಇದರದ್ದು ಕಾಣಿಸೋದೇ ಕಷ್ಟ. ಬಹಳ ದೂರದ ನಂಟು ಕಣೋ. ನೀರಿಲ್ಲದ ಜಾಗದಲ್ಲಿ ಬಾಳಿ ಬಾಳಿ ಎರಡಕ್ಕೂ ಒಂದೇ ರೂಪ ಬಂತು."

"ಅಂದ್ರೆ ನಾನೂ ನಮ್ಮಪ್ಪನೂ!" ಅಂದ್ಬಿಟ್ಟೆ.

ನೀವು ಅಮ್ಮನ್ನ ಕಟ್ಕೊಂಡಾಗಲೇ ನಾನು ಓಡಾಡೋ ಹುಡುಗ. ಆದ್ರೂ ನಿಮ್ಮ ಬಸ್ಸಿನ ಕಂಡಕ್ಟರ್ ಮಾಮ, "ನಡಿಗೆ, ಕೆಮ್ಮು, ಸಿಟ್ಟು, ಎಲ್ಲಾ ಅಪ್ಪಂದೇ ಅಚ್ಚು" ಅಂತಿರಲಿಲ್ವಾ? ಅದನ್ನ ಹೇಳಿದ್ದಕ್ಕೆ ಆಯಮ್ಮ ಕಣ್ಣೊರೆಸಿಕೊಂಡು ನಕ್ಕು, "ಮುಚ್ಚಿಡೋ ಬುದ್ಧಿ ಇಲ್ಲ ನಿಂಗೆ, ಇಲ್ಲೇ ಇದ್ದುಬಿಡು" ಅಂದ್ರು. ಶೆಡ್ಡಲ್ಲೇ ಕುಣಿದೆ. ಆದ್ರೆ ನಿಮ್ಮನ್ನ ಕೇಳದೆ ಹೂಂ ಅನ್ನಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣಿ. ಅಲ್ಲಿಂದಲೇ ಒಂದು ಆಶೀರ್ವಾದ ಎಸೀರಿ, ಹಿಡ್ಕೊತೀನಿ.

ನಿಮ್ಮ
ತರಲೆ

ಮತ್ತೆ: ಅಮ್ಮ ತೀರ್ಕೊಂಡ ಮೇಲೆ, ನಾನು ಮನೆಯಿಂದ ಹೊರಡೋವಾಗ, ನೀವು "ಇನ್ನು ನಿನ್ನ ಹಿಡಿಯೋರಿಲ್ಲ, ಎಲ್ಲಿ ಬೇಕಾದ್ರೂ ಇರು" ಅಂದ್ರಲ್ಲ. ಅದು ಬೇಜಾರಲ್ಲಿ ಅಂದಿದ್ದಾ, ಇಲ್ಲಾ ಕೈ ತೊಳ್ಕೊಂಡಿದ್ದಾ? ರೂಮಿನ ಮಾತು ಆಮೇಲೆ. ರಾತ್ರಿ ಚಿಲಕ ಹಾಕೋ ಮುಂಚೆ, ನಾನು ಬಂದ್ನಾ ಅಂತ, ಈಗಲೂ ಒಂದ್ಸಲ ಬೀದಿ ಕಡೆ ನೋಡ್ತೀರಾ? ಅದೊಂದು ಬರೀರಿ, ಸಾಕು.